ಕೋಥ್ರೂಡಿನ 10 ಬೈ 12 ಕೋಣೆಗೆ ಒಂದು ಜೋಡಿ ಸ್ಪೀಕರ್

ಪುಣೆಯ ಕೋಥ್ರೂಡಿನಲ್ಲಿ ನನಗೆ ಗೊತ್ತಿರುವ ಒಂದು ಧಾರವಾಡದ ಮನೆಯಿದೆ. ಬ್ಯಾಂಕಿನಿಂದ ನಿವೃತ್ತರಾದ ಕಾಕಾ, ಮತ್ತೆ ಕಾಕು. ಪುಣೆಗೆ ಬಂದು ನಲವತ್ತು ವರ್ಷ ದಾಟಿದರೂ ಇಬ್ಬರ ಮಾತು ಇನ್ನೂ ಧಾರವಾಡದ್ದೇ. ಮಗ ಹೊರದೇಶಕ್ಕೆ ಹೋದ ಮೇಲೆ ಅವನ ಕೋಣೆ ಖಾಲಿ ಬಿದ್ದಿತ್ತು. ಅದನ್ನು ಹಾಡು ಕೇಳುವ ಕೋಣೆ ಮಾಡಬೇಕು, ಅದಕ್ಕೊಂದು ಜೋಡಿ ಸ್ಪೀಕರ್ ಆರಿಸಿಕೊಡು ಎಂದು ಕಾಕಾ ನನ್ನನ್ನು ಕರೆದರು. ನಾನು ಇದನ್ನು ಉದ್ಯೋಗವಾಗಿ ಮಾಡುವವನಲ್ಲ. ಆದರೆ ಹದಿನೈದು ವರ್ಷದಿಂದ ಇದೇ ಹುಚ್ಚು. ಸ್ನೇಹಿತರ ಮನೆಗಳಲ್ಲಿ ಸ್ಪೀಕರ್ ಹೊತ್ತುಕೊಂಡು ಓಡಾಡಿದ್ದೇನೆ.

ಈ ಒಂದು ಮನೆಯ ಕಥೆಯನ್ನು ಪೂರ್ತಿ ಬರೆಯಲು ಕಾರಣವಿದೆ. ಸ್ಪೀಕರ್ ಆರಿಸುವಾಗ ನಾವು ಸ್ಪೀಕರನ್ನು ಮಾತ್ರ ನೋಡುತ್ತೇವೆ. ಅದು ನಿಲ್ಲುವ ಜಾಗವನ್ನು ನೋಡುವುದಿಲ್ಲ. ಇಲ್ಲಿ ಒಂದು ಗೇಣು ಜಾಗ ಇಡೀ ತೀರ್ಮಾನವನ್ನು ತಿರುಗಿಸಿತು.

ಕೇಳುವುದು ಏನು?

ಬಜೆಟ್ ಎಷ್ಟು ಎಂದು ನಾನು ಮೊದಲು ಕೇಳಲಿಲ್ಲ. ಏನು ಕೇಳುತ್ತೀರಿ, ಯಾವಾಗ ಕೇಳುತ್ತೀರಿ, ಎಷ್ಟು ಜೋರಾಗಿ ಕೇಳುತ್ತೀರಿ ಎಂದು ಕೇಳಿದೆ.

ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಈ ಅಂಕಿ ಗಿಂಕಿ ನನಗ ತಿಳಿಯೂದಿಲ್ಲ. ತಂಬೂರಿ ತಂಬೂರಿ ಹಂಗ ಕೇಳಿಸಬೇಕು. ಅಷ್ಟ ಸಾಕು."

ಕೇಳಲು ಸುಲಭವಾದ ಮಾತು. ಆದರೆ ಒಂದು ಸ್ಪೀಕರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಕಡಿಮೆ. ತಂಬೂರಿಯ ಒಂದು ತಂತಿ ಮೀಟಿದರೆ ಕೇಳುವುದು ಒಂದು ಸ್ವರ ಅಲ್ಲ. ಜವಾರಿಯ, ಅಂದರೆ ತಂತಿ ಕೂರುವ ಕುದುರೆಯ ಮೇಲೆ ತಂತಿ ಸವರಿಕೊಂಡು ಅದರೊಳಗಿನ ಹತ್ತಾರು ಸ್ವರಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ಖರ್ಜದಿಂದ, ಅಂದರೆ ಕೆಳಗಿನ ಷಡ್ಜದಿಂದ ಹಿಡಿದು ಹಲವು ಸಾವಿರ ಹರ್ಟ್ಸ್‌ವರೆಗೆ (ಸೆಕೆಂಡಿಗೆ ಅಷ್ಟು ಕಂಪನ) ಹರಡಿರುತ್ತವೆ. ಕೆಳಗಿನ ಸ್ವರ ನುಡಿಸುವ ವೂಫರ್ ಮತ್ತು ಮೇಲಿನ ಸ್ವರ ನುಡಿಸುವ ಟ್ವೀಟರ್ ಒಬ್ಬರಿಗೊಬ್ಬರು ಹೊಂದಿಕೊಳ್ಳದಿದ್ದರೆ ತಂಬೂರಿ ಎರಡು ಹೋಳಾಗುತ್ತದೆ. ಕೆಳಗೆ ಗುಂಯ್, ಮೇಲೆ ಝಿಂಯ್, ನಡುವೆ ಏನೂ ಇಲ್ಲ.

ಕಾಕಾ ಕೇಳುವುದು ಬಹುಪಾಲು ಹಿಂದೂಸ್ತಾನಿ ಗಾಯನ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಗುರು ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಮಹೋತ್ಸವ ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಕಾಕಾ ರಮಣಬಾಗ್ ಮೈದಾನದಲ್ಲಿ ಶಾಲು ಹೊದ್ದು ರಾತ್ರಿಯಿಡೀ ಕೂತವರು. ಅವರ ಕಿವಿಗೆ ಅಸಲಿ ದನಿ ಯಾವುದು ಅಂತ ಗೊತ್ತು. ಇಂಥವರಿಗೆ ಆರಿಸುವಾಗ ಒಂದು ಧೈರ್ಯ ಇರುತ್ತದೆ, ಒಂದು ಭಯವೂ ಇರುತ್ತದೆ.

ಅವರ ಸಂಗ್ರಹ ನೋಡಿದೆ. ಅರವತ್ತು ಎಪ್ಪತ್ತು ಎಲ್‌ಪಿ ರೆಕಾರ್ಡು. ರೇಡಿಯೊದಿಂದ ಟೇಪ್ ಮಾಡಿಕೊಂಡ ಕ್ಯಾಸೆಟ್ಟುಗಳು. ಆಮೇಲೆ ಮಗ ಫೋನಿಗೆ ಹಾಕಿಕೊಟ್ಟದ್ದು. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಮೀಡಿಯಂ ವೇವ್ ರೇಡಿಯೊದಿಂದ ಹಿಡಿದ ಕ್ಯಾಸೆಟ್ಟಿನಲ್ಲಿ ನಾಲ್ಕೈದು ಸಾವಿರ ಹರ್ಟ್ಸ್ ದಾಟಿದ ಮೇಲೆ ಸಂಗೀತ ಬಹಳ ಇರುವುದಿಲ್ಲ. ಇರುವುದು ಟೇಪಿನ ಸುಯ್ ಶಬ್ದ. ಮೇಲಿನ ಸ್ವರಗಳನ್ನು ಎತ್ತಿ ತೋರಿಸುವ ಸ್ಪೀಕರ್ ಇಲ್ಲಿ ಆ ಸುಯ್ ಶಬ್ದವನ್ನೇ ಎತ್ತಿ ತೋರಿಸುತ್ತದೆ. 35,000 ಹರ್ಟ್ಸ್‌ವರೆಗೆ ಹೋಗುತ್ತದೆ ಎಂಬ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ.

ಬೇಸ್, ಅಂದರೆ ಕೆಳಗಿನ ಸ್ವರಗಳ ಕಡೆಯೂ ಹಾಗೇ. ಗಂಡು ಗಾಯಕರ ಷಡ್ಜ ಪೇಟಿಯ (ಹಾರ್ಮೋನಿಯಂ) ಕರಿ ಒಂದು, ಅಂದರೆ ಮೊದಲ ಕಪ್ಪು ಮನೆ ಎಂದಿಟ್ಟುಕೊಳ್ಳಿ. ಅದು ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 69. ತಬಲಾ ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ತಳದ ಗುಮ್ಮು ಕೂಡ ಹೆಚ್ಚುಕಮ್ಮಿ ಅದರ ಆಸುಪಾಸಿನಲ್ಲೇ ಮುಗಿಯುತ್ತದೆ. 60 ಹರ್ಟ್ಸ್‌ಗಿಂತ ಕೆಳಗೆ ಈ ಸಂಗೀತದಲ್ಲಿ ಇರುವುದು ವೇದಿಕೆಯ ಹಲಗೆಯ ಸದ್ದು, ಮೈಕಿಗೆ ತಾಗಿದ ಕೈ. ಹಾಗಾದರೆ 40 ಹರ್ಟ್ಸ್‌ವರೆಗೆ ಇಳಿಯುವ ಸ್ಪೀಕರಿಗೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಕೋಣೆ

ಅಗಲ 10 ಅಡಿ, ಉದ್ದ 12 ಅಡಿ, ಎತ್ತರ ಒಂಬತ್ತೂವರೆ. ನೆಲಕ್ಕೆ ಟೈಲ್ಸ್. ಒಂದು ಕಿಟಕಿ, ಒಂದು ಬಾಗಿಲು. ಮೂಲೆಯಲ್ಲಿ ಕಾಕು ಅವರ ಕಬ್ಬಿಣದ ಕಪಾಟು. ಗೋಡೆಗೆ ಹೊಡೆದ ಮರದ ಹಲಗೆ, ಅದರ ಮೇಲೆ ಪುಸ್ತಕ. ಇನ್ನೊಂದು ಮೂಲೆಯಲ್ಲಿ ಗವಸು ಹಾಕಿ ನಿಲ್ಲಿಸಿದ ಮೀರಜಿನ ತಂಬೂರಿ. ಕಾಕು ಮದುವೆಗೆ ಮುಂಚೆ ಧಾರವಾಡದಲ್ಲಿ ಹಾಡು ಕಲಿತವರು. ಇದು ಆಗಿನದು. ಮೀರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿತಲ್ಲ, ಆ ಸುದ್ದಿ ಬಂದ ದಿನ ಕಾಕು ಗವಸು ತೆಗೆದು ಒರೆಸಿ ಇಟ್ಟಿದ್ದರಂತೆ.

ಚಪ್ಪಾಳೆ ಹೊಡೆದು ನೋಡಿದೆ. ಗೋಡೆಯಿಂದ ಗೋಡೆಗೆ ಟರ್ರ್ ಎಂದು ಓಡಿತು. ಅದು ಚಿಕ್ಕ ತೊಂದರೆ, ಬಟ್ಟೆಯಿಂದ ಸರಿಹೋಗುತ್ತದೆ. ದೊಡ್ಡ ತೊಂದರೆ ಕೋಣೆಯ ಅಳತೆಯಲ್ಲೇ ಇತ್ತು.

ಪ್ರತಿ ಕೋಣೆಗೂ ತನ್ನದೇ ಸ್ವರಗಳಿರುತ್ತವೆ. ಎದುರು ಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತಾಗ ಆ ಸ್ವರ ಊದಿಕೊಳ್ಳುತ್ತದೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಅದನ್ನು ಗೋಡೆಗಳ ನಡುವಿನ ಅಂತರದ ಎರಡು ಪಟ್ಟಿನಿಂದ ಭಾಗಿಸಿದರಾಯಿತು. 12 ಅಡಿಗೆ 47 ಹರ್ಟ್ಸ್ ಬರುತ್ತದೆ. 10 ಅಡಿಗೆ 56. ಒಂಬತ್ತೂವರೆ ಅಡಿ ಎತ್ತರಕ್ಕೆ 59. ಅಗಲ ಮತ್ತು ಎತ್ತರ ಹತ್ತಿರ ಹತ್ತಿರ ಇರುವುದರಿಂದ 56 ಮತ್ತು 59 ಒಂದರ ಮೇಲೊಂದು ಬೀಳುತ್ತವೆ. ಪುಣೆಯ ಫ್ಲ್ಯಾಟುಗಳ ಚಿಕ್ಕ ಕೋಣೆಗಳಲ್ಲಿ ಇದು ನನಗೆ ಮತ್ತೆ ಮತ್ತೆ ಕಂಡಿದೆ.

ಅಂದರೆ ಈ ಕೋಣೆ 60ರ ಕೆಳಗೆ ತಾನೇ ಗುಮ್ಮೆನ್ನುತ್ತದೆ. ಕಾಕಾ ಸಂಗೀತ 60ರ ಮೇಲೆ ಇದೆ. ಸ್ಪೀಕರ್ ಎಷ್ಟು ಹರ್ಟ್ಸ್‌ವರೆಗೆ ಇಳಿದು ನಿಲ್ಲಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗಡಿ ಸಿಗುವುದಿಲ್ಲ.

ಪ್ಯಾಸಿವ್ ಯಾಕೆ

ಪ್ಯಾಸಿವ್ ಅಂದರೆ ಒಳಗೆ ಆಂಪ್ ಇಲ್ಲದ ಸ್ಪೀಕರ್. ಇದರಲ್ಲಿ ಬಹಳ ಯೋಚಿಸುವುದಿರಲಿಲ್ಲ. ಕಾಕಾ ಹತ್ತಿರ ಆಗಲೇ ಒಳ್ಳೆಯ ಆಂಪ್ಲಿಫೈಯರ್ ಇತ್ತು. ಚಾನೆಲ್ಲಿಗೆ 40 ವ್ಯಾಟ್, ರೆಕಾರ್ಡ್ ಪ್ಲೇಯರಿಗೆ ಫೋನೊ ಇನ್‌ಪುಟ್ ಇದೆ, ಹಿಂದೆ 6ರಿಂದ 16 ಓಮ್ (ಅದಕ್ಕೆ ಹೊಂದುವ ಸ್ಪೀಕರಿನ ತಡೆ) ಎಂದು ಬರೆದಿದೆ. ಆಂಪ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ತಂದರೆ ಇದು ಮೂಲೆ ಸೇರುತ್ತದೆ. ಇನ್ನೊಂದು ಮಾತು. ಪ್ಯಾಸಿವ್ ಸ್ಪೀಕರಿನಲ್ಲಿ ಡ್ರೈವರು (ವೂಫರ್, ಟ್ವೀಟರ್), ಅವೆರಡಕ್ಕೆ ಸ್ವರ ಹಂಚುವ ಕ್ರಾಸ್‌ಓವರ್, ಡಬ್ಬಿ ಇಷ್ಟೇ. ಇಪ್ಪತ್ತು ವರ್ಷ ಬಾಳುತ್ತದೆ. ಆಂಪ್ ಕೆಟ್ಟರೆ ಆಂಪ್ ಮಾತ್ರ ರಿಪೇರಿಗೆ ಹೋಗುತ್ತದೆ. ಎಪ್ಪತ್ತು ದಾಟಿದವರ ಮನೆಗೆ ನಾನು ಇದನ್ನೇ ಹೇಳುತ್ತೇನೆ.

40 ವ್ಯಾಟ್ ಸಾಕಾ ಎಂದು ಮಗ ಫೋನಿನಲ್ಲಿ ಕೇಳಿದ. ಅಂಗಡಿಯವರು 100 ವ್ಯಾಟ್ ಬೇಕು ಎಂದಿದ್ದರಂತೆ. ಲೆಕ್ಕ ಹಾಕಿ ತೋರಿಸಿದೆ. ಸ್ಪೀಕರಿನ ಸೆನ್ಸಿಟಿವಿಟಿ 86 ಡೆಸಿಬೆಲ್ ಎಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86. ಎರಡು ಸ್ಪೀಕರ್ ಇವೆ, 3 ಕೂಡುತ್ತದೆ. ಕಾಕಾ ಕೂರುವುದು ಆರಡಿ ದೂರ, 5 ಕಳೆಯುತ್ತದೆ. ಉಳಿದದ್ದು 84. ಕಾಕಾ ರಾತ್ರಿ ಊಟವಾದ ಮೇಲೆ ಕೇಳುವ ಮಟ್ಟ ನಾನು ಅಳೆದಾಗ 70ರಿಂದ 75 ಇತ್ತು. 75ಕ್ಕೆ ಬೇಕಾದದ್ದು ಒಂದು ವ್ಯಾಟಿನ ಎಂಟನೇ ಒಂದು ಭಾಗ. ಒಂದು ತಾನ್ ಏಕದಂ 15 ಡೆಸಿಬೆಲ್ ಏರಿದರೂ 4 ವ್ಯಾಟ್. 40 ಅನ್ನುವುದು ಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ.

ಅಂಗಡಿಯಿಂದ ಮನೆಗೆ

ಊರಿನ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಕೇಳುವ ಕೋಣೆ ನಮ್ಮ ಕೋಣೆಯ ಮೂರು ಪಟ್ಟು. ಗೋಡೆಗೆಲ್ಲ ಫೋಮ್. ಹಾಕಿದ್ದು ಡ್ರಮ್ಸ್ ಇರುವ ಹಾಡು, ಅದೂ ಜೋರಾಗಿ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಸ್ವಿಚ್ ಒತ್ತಿದರು, ದನಿಯ ಮಟ್ಟ ಸಮ ಮಾಡಲಿಲ್ಲ. ಜೋರಾಗಿ ಕೇಳಿಸಿದ್ದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಒಂದೇ ಡೆಸಿಬೆಲ್ ವ್ಯತ್ಯಾಸ ಸಾಕು, ಜೋರು ಅಂತ ಗೊತ್ತಾಗುವುದಿಲ್ಲ, ಒಳ್ಳೇದು ಅಂತ ಅನ್ನಿಸುತ್ತದೆ. ಇದು ನನಗೆ ತುಂಬ ಬೇಸರ ತರುವ ವಿಷಯ. ದೊಡ್ಡ ದುಡ್ಡು ಕೊಡುವವರಿಗೆ ಅಷ್ಟು ಕೂಡ ಮಾಡಿ ತೋರಿಸದಿದ್ದರೆ ಹೇಗೆ?

ಕಾಕಾ ಅಲ್ಲಿ ಏನೂ ಹೇಳಲಿಲ್ಲ. ಹೊರಗೆ ಬಂದು, "ನಮ್ಮ ಹಾಡು ಹಚ್ಚಲೇ ಇಲ್ಲಲ್ಲೋ" ಎಂದರು.

ಕೊನೆಗೆ ಮೂರು ಜೋಡಿಗಳನ್ನು ಮನೆಗೆ ತಂದೆವು. ಎರಡು ಜೋಡಿ ಠೇವಣಿ ಕೊಟ್ಟು ಎರಡು ದಿನದ ಮಟ್ಟಿಗೆ, ಒಂದು ಜೋಡಿ ನನ್ನ ಸ್ನೇಹಿತನ ಮನೆಯಿಂದ. ಈ ಮೂರರ ಕಂಪನಿ ಹೆಸರು ನಾನು ಬರೆಯುವುದಿಲ್ಲ. ಈ ಕೋಣೆಯಲ್ಲಿ ಸೋತದ್ದು ದೊಡ್ಡ ಹಾಲಿನಲ್ಲಿ ಗೆಲ್ಲಬಹುದು. ಕೋಣೆಯ ತಪ್ಪನ್ನು ಸ್ಪೀಕರಿನ ತಲೆಗೆ ಕಟ್ಟಿದಂತೆ ಆಗಬಾರದು.

ದೊಡ್ಡದು: ಆರೂವರೆ ಇಂಚಿನ ವೂಫರ್, ಪೋರ್ಟ್ ಹಿಂದೆ, 90 ಡೆಸಿಬೆಲ್, 8 ಓಮ್, 42 ಹರ್ಟ್ಸ್‌ವರೆಗೆ ಇಳಿಯುತ್ತದೆ ಎಂದು ಬರೆದಿತ್ತು. ಮಧ್ಯದ್ದು: ಐದು ಇಂಚಿನ ವೂಫರ್, ಲೋಹದ ಟ್ವೀಟರ್, ಪೋರ್ಟ್ ಹಿಂದೆ, 87 ಡೆಸಿಬೆಲ್. ಚಿಕ್ಕದು: ಐದು ಇಂಚಿನ ವೂಫರ್, ಬಟ್ಟೆಯ ಟ್ವೀಟರ್, ಪೋರ್ಟ್ ಮುಂದೆ, 86 ಡೆಸಿಬೆಲ್, 6 ಓಮ್, ಕೆಳಗೆ ಸುಮಾರು 58 ಹರ್ಟ್ಸ್.

ಪೋರ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದರಲ್ಲಿ ಗೊಂದಲ ಜಾಸ್ತಿ. ಬಹಳಷ್ಟು ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಡಬ್ಬಿಗೆ ಒಂದು ತೂತು ಇರುತ್ತದೆ, ಅದು ಬೇಸ್‌ಗೆ ನೆರವಾಗುತ್ತದೆ. ಕೆಇಎಫ್ ಕ್ಯೂ150ಕ್ಕೆ ಅದು ಹಿಂದೆ ಇದೆ. ಎಲಾಕ್ ಡೆಬ್ಯೂ ಬಿ6.2ಕ್ಕೆ ಮುಂದೆ ಇದೆ. ತೂತೇ ಇಲ್ಲದ ಮುಚ್ಚಿದ ಡಬ್ಬಿಯೂ ಉಂಟು. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಮಾಡಿದ ಎಲ್‌ಎಸ್3/5ಎ ಅಂಥದ್ದು. ಇಕ್ಕಟ್ಟಾದ ಜಾಗದಲ್ಲಿ ಮನುಷ್ಯನ ದನಿ ಸರಿಯಾಗಿದೆಯಾ ಎಂದು ನೋಡಲೆಂದೇ ಅದನ್ನು ಮಾಡಿದ್ದು. ಅದಕ್ಕೆ ಬೇಸ್ ಕಡಿಮೆ, ಸೆನ್ಸಿಟಿವಿಟಿಯೂ 82-83ರ ಹತ್ತಿರ ಅಷ್ಟೇ. ಆದರೂ ಗಾಯನ ಕೇಳುವವರು ಇಂದಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಪೋರ್ಟ್ ಮುಂದಿದ್ದರೆ ಗೋಡೆಗೆ ಅಂಟಿಸಿ ಇಡಬಹುದು ಎಂದು ಹಲವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ಬೇಸ್‌ಗೆ ದಿಕ್ಕಿಲ್ಲ, ಅದು ಡಬ್ಬಿಯ ಸುತ್ತ ಎಲ್ಲ ಕಡೆಗೂ ಹರಡುತ್ತದೆ. ಗೋಡೆ ಹತ್ತಿರ ಬಂದರೆ ಯಾವ ಸ್ಪೀಕರಿಗಾದರೂ ಬೇಸ್ ಏರುತ್ತದೆ. ಹಿಂದಿನ ಪೋರ್ಟಿಗೆ ಉಸಿರಾಡಲು ನಾಲ್ಕಾರು ಇಂಚು ಜಾಗ ಬೇಕು, ಮುಂದಿನದಕ್ಕೆ ಬೇಡ. ವ್ಯತ್ಯಾಸ ಅಷ್ಟೇ.

ಮೊದಲ ದಿನ

ಮೊದಲು ದೊಡ್ಡದನ್ನು ಗೋಡೆಯ ಹಲಗೆಯ ಮೇಲೆ ಇಟ್ಟೆವು. ಪುಸ್ತಕದ ಹಲಗೆ ಇದೆಯಲ್ಲ, ಬುಕ್‌ಶೆಲ್ಫ್ ಸ್ಪೀಕರ್ ಅದರ ಮೇಲೇ ಇಡೋದಲ್ವಾ ಎಂದು ಕಾಕಾ ಕೇಳಿದ್ದರು. ಹೆಸರು ಹಾಗಿದೆ, ನಿಜ. ಭೀಮಸೇನ ಜೋಶಿಯವರ ಒಂದು ವಿಲಂಬಿತ ಖ್ಯಾಲ್ ಹಾಕಿದೆ. ತಬಲಾ ಶುರುವಾದ ಕೂಡಲೇ ಅಡಿಗೆಮನೆಯಿಂದ ಕಾಕು ಕೂಗಿದರು.

"ಏನ್ರೀ, ಅಂವ ಡಗ್ಗಾ ಬಾರಸ್ತಾನೋ, ಹಂಡೇ ಬಾರಸ್ತಾನೋ?"

ಫೋನಿನಲ್ಲಿ ಬೇಕಾದ ಒಂದೇ ಸ್ವರ ಹೊರಡಿಸುವ ಟೋನ್ ಜನರೇಟರ್ ಆಪ್ ಇದೆ. 30 ಹರ್ಟ್ಸ್‌ನಿಂದ ನಿಧಾನವಾಗಿ ಏರಿಸುತ್ತ ಹೋದೆ. 47ರಲ್ಲಿ ಕೋಣೆ ಸ್ವಲ್ಪ ತುಂಬಿತು. 56 ಮುಟ್ಟಿದ ಕೂಡಲೇ ಕಬ್ಬಿಣದ ಕಪಾಟಿನ ಬಾಗಿಲು ಗರ್ರ್ ಎಂದು ನಡುಗಿತು. ಕೈ ಇಟ್ಟೆ, ನಿಂತಿತು. ಕೈ ತೆಗೆದೆ, ಮತ್ತೆ ಶುರು. 62ಕ್ಕೆ ಹೋದಾಗ ತಾನೇ ಸುಮ್ಮನಾಯಿತು. ಕಾಗದದ ಮೇಲಿನ ಲೆಕ್ಕ ಬೆರಳಿಗೆ ತಾಗಿದ ಹಾಗಾಯಿತು.

ಕಾಲುಚೀಲ ಸುತ್ತಿ ಹಿಂದಿನ ಪೋರ್ಟಿಗೆ ತುರುಕಿದೆ. ಇದು ಹಳೆಯ ಉಪಾಯ, ಕೆಲವು ಕಂಪನಿಗಳು ಇದಕ್ಕೆಂದೇ ಫೋಮಿನ ಬಿರಡೆ ಕೊಡುತ್ತವೆ. ಗುಮ್ಮು ಇಳಿಯಿತು. ಆದರೆ ಡಗ್ಗಾದ ಮೀಂಡು, ಅಂಗೈ ಒತ್ತಿ ಎಳೆದಾಗ ಬರುವ ಆ ಜಾರು, ಅದೂ ಬಡವಾಯಿತು.

ಮಧ್ಯದ್ದನ್ನು ಹಚ್ಚುವಾಗ ಬೇರೊಂದು ತೊಂದರೆ ಆಯಿತು. ಗುಮ್ಮು ಇರಲಿಲ್ಲ, ಆದರೆ ದನಿ ತೆಳ್ಳಗೆ, ಗಾಯಕರು ಕೋಣೆಯೆಲ್ಲ ಚದುರಿಹೋದ ಹಾಗೆ. ಟ್ವೀಟರ್ ಸರಿಯಿಲ್ಲವೇನೋ ಎಂದು ನಾನು ಹತ್ತು ನಿಮಿಷ ಅದರ ಹಿಂದೆ ಬಿದ್ದಿದ್ದೆ. ಕಾಕು ಜೋಳದ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. "ಹಾಡವರು ಎಲ್ಲೆ ಕೂತಾರ ಅನ್ನೂದ ತಿಳೀವಲ್ದು ನೋಡಪಾ" ಎಂದರು.

ಆಗ ಹೊಳೆಯಿತು. ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ಅದಲು ಬದಲಾಗಿತ್ತು. ವೈರಿನ ಎರಡೂ ಎಳೆ ಬಿಳಿ, ಒಂದರ ಮೇಲೆ ಸಣ್ಣ ಗೆರೆ ಮಾತ್ರ. ಒಂದು ವೂಫರ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಬೇಸ್ ಒಂದನ್ನೊಂದು ತಿಂದುಹಾಕುತ್ತದೆ, ನಡುವಿನ ಗಾಯಕ ಕರಗಿಹೋಗುತ್ತಾನೆ. ಬದಲಿಸಿದೆ. ಎರಡು ಸ್ಪೀಕರುಗಳ ನಡುವೆ, ಕಿಟಕಿಯ ಕೆಳಗೆ, ಭೀಮಸೇನ ಜೋಶಿ ಬಂದು ಕೂತರು. ಹೊಸ ಸ್ಪೀಕರ್ ತಂದವರು ಮೊದಲು ಇದನ್ನು ನೋಡಿಕೊಳ್ಳಬೇಕು. ಒಳ್ಳೆಯ ಸ್ಪೀಕರ್ ಕೆಟ್ಟದ್ದೆಂದು ವಾಪಸ್ ಹೋಗಲು ಇದೊಂದು ತಪ್ಪು ಸಾಕು.

ಎರಡನೇ ದಿನ, ಪಂಚೆಯ ಪರದೆ

ಎರಡನೇ ದಿನ ಸ್ಪೀಕರುಗಳನ್ನು ಹಲಗೆಯಿಂದ ಇಳಿಸಿ ಸ್ಟೂಲಿನ ಮೇಲೆ ಇಟ್ಟೆವು. ಗೋಡೆಯಿಂದ ಸ್ಪೀಕರಿನ ಮುಖಕ್ಕೆ ಎರಡಡಿ. ಎಲ್ಲರೂ ಹೇಳುವ ಮಾತೇ, ಗೋಡೆಯಿಂದ ಎರಡಡಿ ಬಿಡಿ ಅಂತ. ಮೂರೂ ಜೋಡಿಗೆ ಅದೇ ಜಾಗ, ಒಂದಾದ ಮೇಲೆ ಒಂದು.

ದನಿ ಸಮ ಮಾಡಲು ಪಿಂಕ್ ನಾಯ್ಸ್, ಅಂದರೆ ಎಲ್ಲ ಸ್ವರಗಳೂ ಬೆರೆತ ಸದ್ದು ಹಾಕಿ, ಕಾಕಾ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಫೋನ್ ಹಿಡಿದು 72 ಡೆಸಿಬೆಲ್ ಬರುವ ಹಾಗೆ ಆಂಪಿನ ಗುಬ್ಬಿ ತಿರುಗಿಸಿದೆ. ಮೂರಕ್ಕೂ ಮೂರು ಜಾಗದಲ್ಲಿ ಪೆನ್ಸಿಲ್ ಗುರುತು. ಫೋನಿನ ಮೀಟರ್ 72 ಅಂದದ್ದು ಅಸಲಿ 72 ಆಗಿರಬೇಕಿಲ್ಲ. ಮೂರಕ್ಕೂ ಒಂದೇ ತಪ್ಪು ಮಾಡಿದರೆ ನಮಗೆ ಸಾಕು. ದೊಡ್ಡದಕ್ಕೂ ಚಿಕ್ಕದಕ್ಕೂ ಗುಬ್ಬಿಯ ಗುರುತಿನಲ್ಲಿ ಎಷ್ಟು ಅಂತರ ಇತ್ತೆಂದರೆ, ಅಂಗಡಿಯಲ್ಲಿ ದೊಡ್ಡದು ಯಾಕೆ ಅಷ್ಟು ಮೆರೆಯಿತು ಎಂದು ಕಾಕಾಗೆ ಅಲ್ಲೇ ತಿಳಿಯಿತು.

ನೋಡಿ ಮೋಸ ಹೋಗಬಾರದೆಂದು ಕಿಟಕಿಯ ಕೊಂಡಿಯಿಂದ ಬಾಗಿಲಿನವರೆಗೆ ಹಗ್ಗ ಕಟ್ಟಿ ಕಾಕಾ ಅವರ ಹಳೆಯ ತೆಳು ಪಂಚೆ ಇಳಿಬಿಟ್ಟೆವು. ದಪ್ಪ ಚಾದರ ಆದರೆ ಮೇಲಿನ ಸ್ವರ ನುಂಗುತ್ತದೆ. ಸವೆದ ಪಂಚೆಯಲ್ಲಿ ಆ ತೊಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಿಂದೆ ಯಾವ ಜೋಡಿ ಇದೆ ಎಂದು ನನಗೆ ಮಾತ್ರ ಗೊತ್ತು. ನಾನು ಬಾಯಿ ಬಿಡಲಿಲ್ಲ. ಕಿವಿಯ ನೆನಪು ಬಹಳ ಗಿಡ್ಡ. ಅದಕ್ಕೇ ಅರ್ಧ ಗಂಟೆಯ ಹಾಡು ಹಾಕಲಿಲ್ಲ, ಪ್ರತಿ ಸಲ ಅದೇ ನಲವತ್ತು ಸೆಕೆಂಡ್.

ಮೊದಲು ತಂಬೂರಿ. ಹಿಂದಿನ ಸಂಜೆ ಕಾಕು ತಮ್ಮ ತಂಬೂರಿ ಶ್ರುತಿ ಮಾಡಿದ್ದರು. ಜವಾರಿಯ ನೂಲನ್ನು ಉಗುರಿನಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಕಿವಿ ಕೊಟ್ಟು, ಮತ್ತೆ ಸರಿಸಿ, ತಂತಿ ಬಾಯಿ ಬಿಟ್ಟಾಗ ಕಣ್ಣು ಮುಚ್ಚಿ ತಲೆ ಆಡಿಸಿದರು. ಒಂದಡಿ ದೂರದಲ್ಲಿ ರೆಕಾರ್ಡರ್ ಇಟ್ಟು ಅದನ್ನು ಹಿಡಿದುಕೊಂಡಿದ್ದೆ. ದೂರ ಇಟ್ಟರೆ ಕೋಣೆಯ ಸದ್ದೂ ಸೇರಿಬಿಡುತ್ತದೆ. ಈಗ ಅದನ್ನೇ ಸ್ಪೀಕರಿನಲ್ಲಿ ಹಾಕಿದೆ. ಕಾಕು ಒಮ್ಮೆ ಅಸಲಿ ತಂಬೂರಿ ಮೀಟುತ್ತಾರೆ, ಆಮೇಲೆ ಪಂಚೆಯ ಹಿಂದಿನಿಂದ ಅದೇ ತಂಬೂರಿ ಬರುತ್ತದೆ. ಇಂಥ ಪರೀಕ್ಷೆ ಯಾವ ಅಂಗಡಿಯಲ್ಲೂ ಸಿಗದು. ನನಗೆ ಆ ಹೊತ್ತು ಬಹಳ ಸಂತೋಷವಾಗಿತ್ತು.

ಮಧ್ಯದ್ದರಲ್ಲಿ ತಂಬೂರಿ ಹೊಳೆಯಿತು. ಮೊದಲ ಸಲ ಕೇಳಿದಾಗ ಎಲ್ಲರೂ ಆಹಾ ಎಂದೆವು. ಮೂರನೇ ಸಲಕ್ಕೆ ಕಾಕು, "ಜವಾರಿ ಛಲೋ ಅದ, ಖರೇ, ಬುರುಡಿ ಎಲ್ಲೆ ಹೋತು?" ಎಂದರು. ತಂತಿ ಕೇಳುತ್ತದೆ, ಸೋರೆಬುರುಡೆ ಕೇಳುವುದಿಲ್ಲ. ಸರಿಯಾದ ಮಾತು. ದೊಡ್ಡದರಲ್ಲಿ ಬುರುಡೆ ಇತ್ತು, ಬೇಕಾದ್ದಕ್ಕಿಂತ ದಪ್ಪ ಇತ್ತು. ಚಿಕ್ಕದರಲ್ಲಿ ಎರಡೂ ಒಂದೇ ವಾದ್ಯದ ಹಾಗೆ ಕೂಡಿಕೊಂಡವು.

ಗಂಗೂಬಾಯಿಯವರ ದನಿಯಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ಭಾರವಾಯಿತು, ಅದೇ ಅವರ ಗುರುತಾಯಿತು. ಡಬ್ಬಿಯೇ ದನಿ ಸೇರಿಸುವ ಸ್ಪೀಕರಿನಲ್ಲಿ ಅದು ಬರೀ ಗಂಡಸಿನ ದನಿ ಆಗಿಬಿಡುತ್ತದೆ. ತೆಳು ಸ್ಪೀಕರಿನಲ್ಲಿ ಅದರ ತೂಕ ಹೋಗುತ್ತದೆ. ಚಿಕ್ಕ ಜೋಡಿಯಲ್ಲಿ ಆ ದನಿ ಭಾರವೂ ಇತ್ತು, ಹೆಣ್ಣಿನದೂ ಆಗಿತ್ತು. ಕ್ಯಾಸೆಟ್ಟಿನಿಂದ ತೆಗೆದ ಮನ್ಸೂರರ ಹಾಡಿನಲ್ಲಿ ಮಧ್ಯದ ಜೋಡಿ ಸುಯ್ ಶಬ್ದವನ್ನು ಮುಂದೆ ತಂದಿತು, ಉಳಿದೆರಡರಲ್ಲಿ ಅದು ಹಿಂದೆ ನಿಂತಿತು.

ಆದರೆ ಭೀಮಸೇನ ಜೋಶಿಯವರ ಖ್ಯಾಲಿನಲ್ಲಿ ಚಿಕ್ಕದು ಕೈ ಕೊಟ್ಟಿತು. ಅವರು ಷಡ್ಜಕ್ಕೆ ಬಂದು ನಿಲ್ಲುತ್ತಾರಲ್ಲ, ಆ ಜಾಗದಲ್ಲಿ ದನಿ ಒಳಗೆ ಸೇದಿಕೊಂಡ ಹಾಗಾಗುತ್ತಿತ್ತು. ರಿಷಭ ತುಂಬಿ ಬರುತ್ತದೆ, ನಿಷಾದ ಬರುತ್ತದೆ, ಷಡ್ಜ ಮಾತ್ರ ತೆಳು. ಕಾಕಾ ಪಂಚೆಯ ಕಡೆ ಕೈ ತೋರಿಸಿ, "ಇದು ಅವರ ಸಾ ಅಲ್ಲಪಾ" ಎಂದರು. ಅಲ್ಲಿಯವರೆಗೆ ಗೆಲ್ಲುತ್ತಿದ್ದ ಜೋಡಿ ಇನ್ನೇನು ವಾಪಸ್ ಹೋಗುವುದರಲ್ಲಿತ್ತು.

ಒಂದು ಗೇಣು

ಉಳಿದ ಎರಡು ಜೋಡಿಯಲ್ಲೂ ಅದೇ ಷಡ್ಜ ಕೇಳಿ ನೋಡಿದೆವು. ದೊಡ್ಡದರ ಗುಮ್ಮಿನಲ್ಲಿ ಮುಚ್ಚಿಹೋಗಿತ್ತು, ಆದರೆ ಷಡ್ಜ ಕುಗ್ಗುವ ಆ ಹಳ್ಳ ಅಲ್ಲೂ ಇತ್ತು. ಮಧ್ಯದ್ದರಲ್ಲೂ ಇತ್ತು. ಮೂರರಲ್ಲೂ ಇದ್ದರೆ ಅದು ಸ್ಪೀಕರಿನದಲ್ಲ.

ಟೇಪು ಹಿಡಿದು ಅಳೆದೆ. ಗೋಡೆಯಿಂದ ಸ್ಪೀಕರಿನ ಮುಖಕ್ಕೆ 62 ಸೆಂಟಿಮೀಟರ್. ಲೆಕ್ಕ ಹೀಗೆ. ಸ್ಪೀಕರಿನಿಂದ ಹಿಂದಕ್ಕೆ ಹೋದ ಬೇಸ್ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಗೋಡೆಯ ದೂರ ಅಲೆಯ ಕಾಲು ಭಾಗ ಇದ್ದರೆ, ಹೋಗಿ ಬರುವಷ್ಟರಲ್ಲಿ ಅರ್ಧ ಅಲೆ ತಡವಾಗಿರುತ್ತದೆ. ಮುಂದೆ ಹೊರಟದ್ದನ್ನು ಹಿಂದಿನಿಂದ ಬಂದದ್ದು ಅಳಿಸುತ್ತದೆ. 344ನ್ನು 62 ಸೆಂಟಿಮೀಟರಿನ ನಾಲ್ಕು ಪಟ್ಟಿನಿಂದ ಭಾಗಿಸಿದರೆ 139 ಹರ್ಟ್ಸ್. ಕರಿ ಒಂದರ ಷಡ್ಜ. ಎರಡಡಿ ಬಿಡಿ ಎಂಬ ಮಾತು ಸರಿಯಾಗಿ ಕಾಕಾ ಅವರ ಗಾಯಕರ ಷಡ್ಜದ ಮೇಲೆ ಹೋಗಿ ಕೂತಿತ್ತು.

ಸ್ಪೀಕರುಗಳನ್ನು ಗೋಡೆಯ ಕಡೆ ತಳ್ಳಿದೆ. ಮುಖಕ್ಕೆ 45 ಸೆಂಟಿಮೀಟರ್. ಸರಿಸಿದ್ದು ಒಂದು ಗೇಣಿಗಿಂತ ಕಡಿಮೆಯೇ. ಹಳ್ಳ 191 ಹರ್ಟ್ಸ್‌ಗೆ ಏರಿತು. ಮೇಲೆ ಏರಿದಷ್ಟೂ ಹಳ್ಳದ ಆಳ ಕಡಿಮೆ, ಯಾಕೆಂದರೆ ಅಲ್ಲಿಂದ ಸ್ಪೀಕರಿನ ದನಿ ಹಿಂದಕ್ಕಿಂತ ಮುಂದಕ್ಕೆ ಜಾಸ್ತಿ ಹೋಗಲು ಶುರುವಾಗುತ್ತದೆ. ಪಕ್ಕದ ಗೋಡೆ ಮತ್ತು ನೆಲಕ್ಕೆ ಲೆಕ್ಕ ಇಷ್ಟು ನೇರ ಇಲ್ಲ. ಆದರೂ ಒಂದು ಎಚ್ಚರ ಬೇಕು: ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ, ಈ ಮೂರರ ಅಂತರ ಒಂದೇ ಆಗಬಾರದು. ಒಂದೇ ಆದರೆ ಮೂರು ಹಳ್ಳ ಸೇರಿ ಒಂದು ಗುಂಡಿ. ನಾವು 45, 68, 76 ಎಂದು ಹಂಚಿದೆವು.

ಗೋಡೆಗೆ ಹತ್ತಿರ ಬಂದರೆ ಬೇಸ್ ಏರುತ್ತದೆ ಎಂದೆನಲ್ಲ. ಇಲ್ಲೇ ತೀರ್ಮಾನ ಆಯಿತು. 45ರಲ್ಲಿ ದೊಡ್ಡದು ಮತ್ತೆ ಕಪಾಟು ನಡುಗಿಸಿತು. 58ಕ್ಕೇ ಕೈ ಚೆಲ್ಲುವ ಚಿಕ್ಕದಕ್ಕೆ ಮಾತ್ರ ಗೋಡೆಯ ನೆರವು ಬೇಕಾದಷ್ಟೇ ಸಿಕ್ಕಿತು. ಷಡ್ಜ ಹಾಕಿದೆ. ಕಾಕಾ ಏನೂ ಹೇಳಲಿಲ್ಲ. ಹಾಡು ನಲವತ್ತು ಸೆಕೆಂಡ್ ದಾಟಿತು. ನಿಲ್ಲಿಸಲು ಕೈ ಚಾಚಿದೆ. "ಇರಲಿ" ಎಂದರು. ವಿಲಂಬಿತ ಮುಗಿದು ದ್ರುತ್ ಮುಗಿಯುವವರೆಗೆ ಯಾರೂ ಏಳಲಿಲ್ಲ.

ಮಧ್ಯದ ಜೋಡಿಯ ಬಗ್ಗೆ ನನಗೆ ಇವತ್ತಿಗೂ ಒಳ್ಳೆಯ ಅಭಿಪ್ರಾಯವೇ ಇದೆ. ಪರದೆ ಮತ್ತು ಸೋಫಾ ಜಾಸ್ತಿ ಇರುವ ಮೆತ್ತನೆಯ ಹಾಲಿನಲ್ಲಿ, ಹೊಸ ರೆಕಾರ್ಡಿಂಗ್ ಕೇಳುವವರಿಗೆ ನಾನು ಅದನ್ನೇ ಹೇಳುತ್ತೇನೆ. ಟೈಲ್ಸಿನ ಈ ಕೋಣೆಗೆ, ಕ್ಯಾಸೆಟ್ಟಿನ ಈ ಸಂಗ್ರಹಕ್ಕೆ ಅದು ಹೊಂದಲಿಲ್ಲ.

ಉಳಿದ ಕೆಲಸ

ಕಾಕಾ ಕುರ್ಚಿಯಲ್ಲಿ ಕೂತಾಗ ಕಿವಿ ನೆಲದಿಂದ 36 ಇಂಚು. ಟ್ವೀಟರ್ ಡಬ್ಬಿಯ ತಳದಿಂದ 10 ಇಂಚು. ಹಾಗಾಗಿ 26 ಇಂಚಿನ ಸ್ಟ್ಯಾಂಡ್. ಗ್ರಿಲ್ ಮಾಡುವವರ ಹತ್ತಿರ ಚೌಕದ ಪೈಪು, ಕೆಳಗೆ ಭಾರದ ಪ್ಲೇಟು ಹಾಕಿ ಮಾಡಿಸಿದೆವು. ಪೈಪಿನೊಳಗೆ ಮರಳು. ಕಾಕು ಉಸುಕನ್ನು ಎರಡು ಸಲ ತೊಳೆದು ಟೆರೇಸಿನಲ್ಲಿ ಎರಡು ದಿನ ಒಣಗಿಸಿ ಕೊಟ್ಟರು. ಹಸಿ ಇದ್ದರೆ ಒಳಗಿಂದ ತುಕ್ಕು ಹಿಡಿಯುತ್ತದೆ. ತುಂಬುವ ಮೊದಲು ಪೈಪಿಗೆ ಬೆರಳಿನಿಂದ ಹೊಡೆದರೆ ಟಣ್ ಎನ್ನುತ್ತಿತ್ತು, ತುಂಬಿದ ಮೇಲೆ ಟಪ್.

ವೈರು ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಿಂದ ತಂದದ್ದು, 1.5 ಚದರ ಮಿಲಿಮೀಟರಿನ ಮಾಮೂಲಿ ತಾಮ್ರದ್ದು. ಒಂದು ಕಡೆಗೆ 5 ಮೀಟರ್ ಅಂದರೆ ಹೋಗಿ ಬರಲು 10 ಮೀಟರ್, ತಡೆ 0.12 ಓಮ್. 6 ಓಮಿನ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ. ದುಬಾರಿ ವೈರಿನ ದುಡ್ಡು ಸ್ಟ್ಯಾಂಡಿಗೆ ಹೋಯಿತು. ಒಳ್ಳೆಯದೇ ಆಯಿತು.

ಚಪ್ಪಾಳೆಯ ಟರ್ರ್‌ಗೆ ಕಾಕು ಹತ್ತಿರವೇ ಮದ್ದಿತ್ತು. ಕಾಕಾ ಕೂತಲ್ಲೇ ಕೂತರು, ಕಾಕು ಪಕ್ಕದ ಗೋಡೆಯ ಮೇಲೆ ಕೈಗನ್ನಡಿ ಹಿಡಿದು ಸರಿಯುತ್ತ ಹೋದರು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಗುರುತು. ಎರಡೂ ಕಡೆ ಆ ಜಾಗದಲ್ಲಿ ಅವರ ತಾಯಿ ಹೊಲಿದ ಕೌದಿಗಳನ್ನು ತೂಗುಹಾಕಿದೆವು. ಹಳೆ ಸೀರೆಗಳ ಏಳೆಂಟು ಪದರು, ಗೋಡೆಯಿಂದ ಎರಡು ಇಂಚು ಬಿಟ್ಟು. ನೆಲಕ್ಕೆ ನವಲಗುಂದದ ಜಮಖಾನ. ಕೌದಿಯಿಂದ ಬೇಸ್‌ಗೆ ಏನೂ ಆಗುವುದಿಲ್ಲ, ಮೇಲಿನ ಸ್ವರಗಳ ಚುರುಕು ಮಾತ್ರ ಇಳಿಯುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಕಪಾಟಿನ ಬಾಗಿಲಿನ ಒಳಗಡೆ ಉಣ್ಣೆಯ ಪಟ್ಟಿ ಅಂಟಿಸಿದೆವು. ಸ್ಟ್ಯಾಂಡ್ ಇಡುವ ಮೊದಲು ಕಾಕು ಎರಡೂ ಬಾಗಿಲು ಪೂರ್ತಿ ತೆಗೆದು ನೋಡಿಯೇ ಒಪ್ಪಿಗೆ ಕೊಟ್ಟದ್ದು.

ನಾಲ್ಕು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಹೊರಗೆ ಮಳೆ. ಮಗ ಸಬ್‌ವೂಫರ್ ಕಳಿಸುತ್ತೇನೆ ಎಂದಿದ್ದನಂತೆ, ಕಾಕಾ ಬೇಡ ಎಂದಿದ್ದಾರೆ. ರಾತ್ರಿ ತೀರ ಸಣ್ಣಗೆ ಕೇಳುವಾಗ ಬೇಸ್ ಕಡಿಮೆ ಅನ್ನಿಸುತ್ತದೆ ಎಂದರು. ಅದು ಸ್ಪೀಕರಿನ ದೋಷ ಅಲ್ಲ, ದನಿ ಇಳಿದಂತೆ ಕಿವಿಯೇ ಕೆಳಗಿನ ಸ್ವರಗಳನ್ನು ಬೇಗ ಬಿಡುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದಾರೆ. ಆಂಪಿನಲ್ಲಿ ಅದಕ್ಕೆಂದೇ ಲೌಡ್‌ನೆಸ್ ಬಟನ್ ಇದೆ, ರಾತ್ರಿ ಒತ್ತಿ, ಬೆಳಿಗ್ಗೆ ತೆಗೆಯಿರಿ ಎಂದೆ.

ಕೆಲಸದವರು ನೆಲ ಒರೆಸುವಾಗ ಸ್ಟ್ಯಾಂಡ್ ಸರಿಯುತ್ತದೆ, ಸೀಮೆಸುಣ್ಣದ ಗುರುತು ಅಳಿಸಿಹೋಗುತ್ತದೆ. ಅದಕ್ಕೆ ಕಾಕು ಸ್ಟ್ಯಾಂಡಿನ ನಾಲ್ಕೂ ಮೂಲೆಗೆ ಟೈಲ್ಸಿನ ಮೇಲೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಾರೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಬಗ್ಗಿ ನೋಡುತ್ತಾರಂತೆ. ಸರಿದಿದ್ದರೆ ಕಾಲಿನಿಂದ ಮೆಲ್ಲಗೆ ತಳ್ಳಿ ಚುಕ್ಕೆಗೆ ಕೂಡಿಸುತ್ತಾರೆ.